ಹನ್ನೆರಡನೆಯ ಚೀಟಿ

ಚೀಟಿಯೇನೂ ದೊಡ್ಡದಲ್ಲ. ಅಂಗೈಯಗಲದ ಬಿಳಿ ರಟ್ಟು, ಮೇಲೊಂದು ತೂತು, ತೂತಿಗೊಂದು ದಾರ, ನಡುವೆ ದಪ್ಪ ಕಪ್ಪು ಅಕ್ಷರದಲ್ಲಿ ಒಂದೇ ಮಾತು: ಐಡಲ್. ಕೆಲಸವಿಲ್ಲದ್ದು ಅಂತಲೂ ಆಗುತ್ತದೆ, ಸೋಮಾರಿ ಅಂತಲೂ ಆಗುತ್ತದೆ. ಮಗ್ಗ ಕಾಲು ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನೆ ನಿಂತಿತೋ, ಹೊಸ ಮ್ಯಾನೇಜರ್ ಹೋಲ್ಡನ್ ಎಲ್ಲಿದ್ದರೂ ಬಂದು ಅದನ್ನು ಮಗ್ಗಕ್ಕೆ ನೇತುಹಾಕಿ ಹೋಗುತ್ತಿದ್ದ. ನೇತುಹಾಕುವುದು ಮಗ್ಗಕ್ಕೆ, ಮರ್ಯಾದೆ ಹೋಗುವುದು ನೇಯುವವಳದ್ದು.

ಆ ಬುಧವಾರ ಅಡಾ ಕ್ಲೆಗ್‌ಳ ಮಗ್ಗಕ್ಕೆ ಬಿದ್ದದ್ದು ಹತ್ತನೆಯ ಚೀಟಿ.

ಇಂಗ್ಲೆಂಡಿನ ಬರ್ನ್ಲಿ ಕಡೆಯ ಕಾಲುವೆ ದಂಡೆಯ ಆ ಬಟ್ಟೆ ಗಿರಣಿಯಲ್ಲಿ ಅಲ್ಲಿಯವರೆಗೆ ಒಬ್ಬೊಬ್ಬರಿಗೆ ನಾಲ್ಕು ಮಗ್ಗ. ಇನ್ನು ಆರು ನೋಡಿಕೊಳ್ಳಬೇಕು ಎಂದು ಮಾಲೀಕರು ಹೊರಟಿದ್ದರು. ಅಂದಮೇಲೆ ಮೂವರಲ್ಲಿ ಒಬ್ಬರು ಮನೆಗೆ. ಯಾರು ಮನೆಗೆ ಎಂದು ಆರಿಸುವುದಕ್ಕೇ ಹೋಲ್ಡನ್ ಈ ಚೀಟಿ ತಂದಿದ್ದ. ತಿಂಗಳ ಕೊನೆಯ ಶುಕ್ರವಾರದೊಳಗೆ ಹನ್ನೆರಡಾದರೆ ಮುಗಿಯಿತು, ಶಾಲು ಹೊದ್ದುಕೊಂಡು ಹೊರಡುವುದೇ. ಕೊನೆಯ ಶುಕ್ರವಾರಕ್ಕೆ ಇನ್ನೆರಡೇ ದಿನ ಇತ್ತು.

ಅಡಾಳಿಗೆ ಐವತ್ತನಾಲ್ಕು ವರ್ಷ. ಹನ್ನೆರಡಕ್ಕೆ ಗಿರಣಿಗೆ ಬಂದವಳು, ನಲವತ್ತೆರಡು ವರ್ಷ ನಿಂತೇ ದುಡಿದವಳು. ಕೆಲಸ ಹೋಗುವ ಭಯ ಒಂದು ಕಡೆಗಿರಲಿ, ಆ ಮಾತು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಅದೆಂಥ ಮಾತೋ! ನೂಲು ಬಾರದೆ ಮಗ್ಗ ನಿಂತರೂ ಐಡಲ್. ಬೇರೆ ಗಿರಣಿಗಳಿಗೆ ಬೀಗ ಬಿದ್ದು, ಬೀದಿಯ ಮೂಲೆಯಲ್ಲಿ ಜೇಬಿಗೆ ಕೈ ತುರುಕಿಕೊಂಡು ನಿಂತ ಊರಿನ ಅರ್ಧ ಗಂಡಸರೂ ಪತ್ರಿಕೆಯವರ ಬಾಯಲ್ಲಿ ಐಡಲ್. ಬೆಳಗ್ಗೆ ಐದಕ್ಕೆ ಏಳದ ಮಗಳಿಗೆ ಅವಳಮ್ಮ ಬೈಯುತ್ತಿದ್ದದ್ದೂ ಅದೇ ಮಾತಿನಲ್ಲಿ. ಚಾಪೆಲ್ಲಿನ ಪಾದ್ರಿ ಭಾನುವಾರ ಪಾಪಗಳನ್ನು ಎಣಿಸುವಾಗ ಉಗಿಯುತ್ತಿದ್ದದ್ದೂ ಅದನ್ನೇ. ಕಬ್ಬಿಣದ ಯಂತ್ರಕ್ಕೆ ಅಂದರೆ ಬರೀ ವರದಿ, ಮನುಷ್ಯರಿಗೆ ಅಂದರೆ ಕಪಾಳಕ್ಕೆ ಹೊಡೆದ ಹಾಗೆ. ಇನ್ನು ಗಿರಣಿ ಮಾಲೀಕರ ತಮ್ಮ ಇದ್ದನಲ್ಲ, ಸೌತ್‌ಪೋರ್ಟಿನ ಕಡಲ ದಂಡೆಯಲ್ಲಿ ಎರಡು ನಾಯಿ ಅಡ್ಡಾಡಿಸುವುದು ಬಿಟ್ಟು ಹುಟ್ಟಿದಾಗಿನಿಂದ ಒಂದು ಕಡ್ಡಿ ಎತ್ತಿಟ್ಟವನಲ್ಲ. ಅವನಿಗೆ ಯಾರಾದರೂ ಚೀಟಿ ನೇತುಹಾಕಿದ್ದರೆ ಕೇಳಿ. ಅವನು ಗಿರಣಿಗೆ ಬಂದಾಗ ಹೋಲ್ಡನ್ನೇ ಟೋಪಿ ತೆಗೆದು ಬಾಗಿಲು ಹಿಡಿದು ನಿಲ್ಲುತ್ತಿದ್ದ.

ಹಾಗಾದರೆ ಅಡಾಳ ಮಗ್ಗ ನಿಲ್ಲುತ್ತಿದ್ದದ್ದು ಏಕೆ? ಅದನ್ನು ಹೇಳುವ ಹಾಗಿರಲಿಲ್ಲ. ಹೇಳುವ ಹಾಗಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ.

ಕಾರಣ ಅವಳ ತಮ್ಮ ಎನಕ್. ಅವನು ಮಗ್ಗದ ಮಿಸ್ತ್ರಿ. ಎಂಬತ್ತು ಮಗ್ಗ ಅವನ ಪಾಲಿಗೆ. ಯಾವುದು ಕೆಟ್ಟರೂ ಸ್ಪ್ಯಾನರ್ ಹಿಡಿದು ಓಡಬೇಕು. ಅಮ್ಮ ಸತ್ತಾಗ ಅವನಿಗೆ ಆರು ವರ್ಷ, ಅಡಾಳಿಗೆ ಹದಿನಾಲ್ಕು. ಅವಳೇ ಸಾಕಿದಳು. ಮದುವೆ ಗಿದುವೆ ಎಂದು ಅವಳು ಹೋಗಲಿಲ್ಲ. ಅವನು ಮದುವೆಯಾದ, ಹೆಂಡತಿ ತೀರಿಹೋದಳು, ಮತ್ತೆ ಅಕ್ಕನ ಮನೆಗೇ ಬಂದು ಒಲೆಯ ಪಕ್ಕದ ಕುರ್ಚಿ ಹಿಡಿದ. ಮೀಸೆ ನರೆತಿದ್ದರೂ ಅವನು ಬಾಯಿ ತೆಗೆದರೆ ಜೋಕು. ಅವನಿಗೆ ಕಣ್ಣು ಹೋಗುತ್ತಿದೆ ಎಂದು ಅಡಾಳಿಗೆ ಗೊತ್ತಾದದ್ದು ಹೋದ ಚಳಿಗಾಲದಲ್ಲಿ, ಅದೂ ತುಟಿಯಿಂದ.

ಸಾವಿರ ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡಿನಲ್ಲಿ ಪಕ್ಕದಲ್ಲೇ ಸಿಡಿಲು ಹೊಡೆದರೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿನವರು ದನಿಯ ಗೊಡವೆ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಬಾಯಿ ಅಗಲಿಸಿ, ಹುಬ್ಬು ಕುಣಿಸಿ, ಸಶಬ್ದವಾಗಿ ಆಡಿದ್ದಕ್ಕಿಂತ ಚೆನ್ನಾಗಿ ಆಡುತ್ತಿದ್ದರು. ಯಾರ ಸೊಸೆ ಬಸುರಿ, ಯಾರ ಮನೆಯಲ್ಲಿ ನಿನ್ನೆ ತಟ್ಟೆ ಹಾರಿತು ಎಂಬುದೆಲ್ಲ ನಲವತ್ತು ಗಜ ದೂರದಿಂದ ತಿಳಿಯುತ್ತಿತ್ತು. ಬೀದಿಯಲ್ಲೂ ಹಾಗೆಯೇ, ಚಾಪೆಲ್ಲಿನಲ್ಲೂ ಹಾಗೆಯೇ. ಹೊರಗಿನವರಿಗೆ ಮಾತ್ರ ಇದು ಮೀನು ಬಾಯಿ ಬಿಟ್ಟ ಹಾಗೆ. ಹಾಗಾಗಿ ಮ್ಯಾನೇಜರುಗಳ ಎದುರಿಗೇ ನಿಂತು ಅವರನ್ನು ಆಡಿಕೊಳ್ಳುವುದು ಶೆಡ್ಡಿನ ಹೆಂಗಸರಿಗೆ ಇದ್ದ ದೊಡ್ಡ ಸುಖ.

ಎದುರು ಸಾಲಿನ ಮಿನ್ನಿ ಒಂದು ದಿನ ಎನಕ್‌ಗೆ ತುಟಿಯಲ್ಲಿ, "ನಮ್ಮಮ್ಮ ಹೋಗ್ಬಿಟ್ರು ಕಣಪ್ಪ" ಎಂದಳು. ಎನಕ್ ಹಲ್ಲು ಕಿರಿದು, ಟೋಪಿ ಎತ್ತಿ, "ಬಹಳ ಸಂತೋಷ" ಎಂದ. ಮಿನ್ನಿ ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಮಿಸ್ತ್ರಿಗೆ ಸೊಕ್ಕು ಬಂದಿದೆ, ಮಾತಾಡಿಸಿದರೆ ಉತ್ತರ ಕೊಡಲ್ಲ ಎಂದು ಬೇರೆಯವರೂ ಶುರುಮಾಡಿದರು. ಅಡಾ ಒಂದು ಭಾನುವಾರ ಊಟದ ಮೇಜಿನಲ್ಲಿ ಅವನೆದುರು ಕೂತು, ಉದ್ದಕ್ಕೆ ನಾಲಗೆ ಚಾಚಿ ಅಣಕಿಸಿದಳು. ಎನಕ್ ನಗುನಗುತ್ತಾ, "ಮಾಂಸ ಚೆನ್ನಾಗಿ ಬೆಂದಿದೆ, ಉಪ್ಪು ಸ್ವಲ್ಪ ಈ ಕಡೆ ಕೊಡ್ತೀಯಾ?" ಎಂದ. ಅವಳು ಉಪ್ಪಿನ ಬಟ್ಟಲನ್ನು ಅವನ ಬೆರಳಿಗೇ ತಾಗಿಸಿ ಕೊಟ್ಟಳು.

ಅಲ್ಲಿಂದ ಎಂಟು ತಿಂಗಳು ಅವಳೇ ಅವನ ಕಣ್ಣು. ಹೇಗೆ ಅಂತೀರಾ? ಸ್ಪ್ಯಾನರನ್ನು ನೇಯುವವರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಗಿರಣಿಯ ಅಷ್ಟೂ ಮಿಸ್ತ್ರಿಗಳು ಕೆಲಸ ಬಿಟ್ಟು ಹೊರಗೆ ನಡೆಯುತ್ತಾರೆ, ಅಂಥ ಕಟ್ಟುಪಾಡು. ಆದ್ದರಿಂದ ಅವಳು ಮುಟ್ಟುತ್ತಿರಲಿಲ್ಲ. ಎನಕ್ ಯಾರದೋ ಮಗ್ಗದ ಮೇಲೆ ಬಗ್ಗಿದ ಎಂದು ಕಂಡ ಕೂಡಲೆ ತನ್ನ ನಾಲ್ಕೂ ಮಗ್ಗ ನಿಲ್ಲಿಸಿ ಅಲ್ಲಿಗೆ ಹೋಗಿ, ಹರಟೆಗೆ ಬಂದವಳ ಹಾಗೆ ಅವನ ಮಗ್ಗುಲಲ್ಲಿ ಒರಗಿ ನಿಲ್ಲುತ್ತಿದ್ದಳು. ಎಡಕ್ಕೆ ತಿರುಗಿಸಬೇಕಾದರೆ ಎಡ ಮೊಣಕೈ ಒತ್ತುವುದು, ಸಾಕು ಅನ್ನುವುದಕ್ಕೆ ಬೆನ್ನಿಗೊಂದು ಗುದ್ದು. ಅವನ ಬೆರಳುಗಳಿಗೆ ಮಗ್ಗದ ನರನಾಡಿ ಎಲ್ಲ ಗೊತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಗೆ ಮಾತ್ರ ಕಣ್ಣು ಬೇಕಿತ್ತು. ಅಷ್ಟರಲ್ಲಿ ಅರ್ಧ ಗಂಟೆ ಆಗಿಹೋಗುತ್ತಿತ್ತು. ತಿರುಗಿ ಬರುವಷ್ಟರಲ್ಲಿ ಅವಳ ಮಗ್ಗಕ್ಕೆ ಚೀಟಿ. ಹೋಲ್ಡನ್ ಕಣ್ಣಿಗೆ ಅವಳು ಮಗ್ಗ ನಿಲ್ಲಿಸಿ ಊರೆಲ್ಲ ಹರಟೆ ಹೊಡೆಯುವ ಮುದುಕಿ, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಆ ಪುಣ್ಯಾತ್ಮ ಒಂದು ದಿನ ಬಾಯಿಬಿಟ್ಟು "ನಂಗೆ ಕಾಣಿಸ್ತಿಲ್ಲ" ಎಂದನೇ? ಇಲ್ಲ! "ನನ್ನ ಬೆನ್ನ ಹಿಂದೆ ಯಾಕೆ ಸುತ್ತುತೀಯೇ, ನಾನೇನು ತೊಟ್ಟಿಲ ಕೂಸಾ?" ಎಂದು ಅವಳ ಮೇಲೆಯೇ ರೇಗುತ್ತಿದ್ದ. ಅವಳೂ ಬಾಯಿ ಬಿಡಲಿಲ್ಲ. ಒಂದೇ ಮನೆ, ಒಂದೇ ಚಹಾ ಕೆಟಲು, ಎಂಟು ತಿಂಗಳು ಇಬ್ಬರೂ ನಾಟಕ.

ಗುರುವಾರ ಬೆಳಗ್ಗೆ ಏಳೂವರೆಗೆ ಹನ್ನೊಂದನೆಯ ಚೀಟಿಯೂ ಬಿತ್ತು. ಎಂಟು ಗಂಟೆಗೆ ಎಂಜಿನ್ ನಿಂತು, ತಿಂಡಿಯ ಅರ್ಧ ಗಂಟೆಗೆ ಶೆಡ್ಡು ಸುಮ್ಮನಾದಾಗ ಅಡಾ ತಮ್ಮನನ್ನು ನೂಲಿನ ಬುಟ್ಟಿಗಳ ಹಿಂದಕ್ಕೆ ದರದರ ಎಳೆದುಕೊಂಡು ಹೋದಳು.

"ಎನಕ್, ಹನ್ನೊಂದಾಯ್ತು."

"ಎಂಟೂ ಹತ್ತೇ ಆಗಿರೋದು."

"ಗಂಟೆ ಅಲ್ವೋ, ಚೀಟಿ! ಇನ್ನೊಂದು ಬಿದ್ರೆ ನಾನು ಮನೇಲಿ. ತಿಳೀತಾ?"

"ಹಾಗಾದ್ರೆ ನಿನ್ನ ಮಗ್ಗದ ಹತ್ರ ನಿಂತ್ಕೊ. ಯಾರು ನಿಂಗೆ ಹಾದಿಬೀದಿ ಅಲೆ ಅಂದ್ರು?"

ಅಡಾಳಿಗೆ ಅವನ ಎರಡು ಕಿವಿ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಚಿಕ್ಕಂದಿನಲ್ಲಾಗಿದ್ದರೆ ಅಲುಗಾಡಿಸಿಯೇಬಿಡುತ್ತಿದ್ದಳು. "ನೀನಾಗಿ ಮ್ಯಾನೇಜರ್ ಹತ್ರ ಹೋಗಿ, ವಯಸ್ಸಾಯ್ತು, ಗೋದಾಮಿನಲ್ಲಿ ಬಟ್ಟೆ ಮಡಿಸೋ ಕೆಲಸ ಕೊಡಿ ಅಂತ ಕೇಳ್ಬಾರ್ದಾ?" ಎಂದಳು. ಕಣ್ಣು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು, ಆಡಲಾಗಲಿಲ್ಲ.

ಎನಕ್ ಬ್ರೆಡ್ಡು ಅಗಿಯುತ್ತಾ ಹೇಳಿದ: "ಕೇಳಿಲ್ಲಿ. ಒಬ್ಬ ಮಿಸ್ತ್ರಿ ಮನೇಲಿ ಗಡಿಯಾರ ನಿಂತುಹೋಯ್ತಂತೆ. ಅವನು ಅದನ್ನ ಕಂಕುಳಲ್ಲಿ ಇಟ್ಕೊಂಡು ಗಿರಣಿಗೆ ಬಂದ. ಯಾಕಯ್ಯಾ ಅಂದ್ರೆ, ಗಿರಣಿ ಕೂಗೋದನ್ನ ಒಂದ್ಸಲ ಕೇಳಿಸ್ಕೊಂಡ್ರೆ ಅದಕ್ಕೇ ನಾಚಿಕೆಯಾಗಿ ಎದ್ದು ಓಡುತ್ತೆ ಅಂದನಂತೆ."

"ನಗು ಬರ್ತಿಲ್ಲ ನಂಗೆ."

"ಗಡಿಯಾರಕ್ಕೂ ಬರ್ಲಿಲ್ವಂತೆ."

ಅಡಾ ಡಬ್ಬಿಯಲ್ಲಿದ್ದ ಚಹಾವನ್ನು ನೆಲಕ್ಕೆ ಚೆಲ್ಲಿ ಎದ್ದುಹೋದಳು. ಹೋಗುವಾಗ, ಇನ್ನು ಇವನಾಗಿ ಕರೆದರೂ ತನ್ನ ಮಗ್ಗ ಬಿಟ್ಟು ಕದಲುವುದಿಲ್ಲ ಎಂದು ತೀರ್ಮಾನಿಸಿದಳು.

ಆ ತೀರ್ಮಾನ ಶುಕ್ರವಾರ ಮಧ್ಯಾಹ್ನ ಮೂರರವರೆಗೆ ನಡೆಯಿತು. ಮೂರಕ್ಕೆ ಮಿನ್ನಿಯ ಮಗ್ಗದಿಂದ ಲಾಳಿ ಹಾರಿತು. ಉಕ್ಕಿನ ಮೂತಿಯ ಲಾಳಿ, ಮಿನ್ನಿಯ ಕಿವಿಯ ಪಕ್ಕದಿಂದ ಸುಯ್ಯೆಂದು ಹೋಗಿ ಕಂಬಕ್ಕೆ ಬಡಿದು ಬಿತ್ತು. ಎನಕ್ ಬಂದು ಮಗ್ಗದ ಮೇಲೆ ಬಗ್ಗಿದ. ಬಗ್ಗಿದವನು ಬಿಗಿಮಾಡಬೇಕಾದ ಬೋಲ್ಟು ಬಿಟ್ಟು ಪಕ್ಕದ್ದನ್ನು ತಡವುತ್ತಿದ್ದದ್ದು ಅಡಾಳಿಗೆ ತನ್ನ ಜಾಗದಿಂದಲೇ ಕಂಡಿತು. ಅವಳು ಕಣ್ಣು ಮುಚ್ಚಿಕೊಂಡಳು. ಬಿಟ್ಟಳು. ಥೂ ಇವನ, ಎಂದು ನಾಲ್ಕೂ ಮಗ್ಗ ನಿಲ್ಲಿಸಿ ಓಡಿದಳು.

ಮೊಣಕೈ ಒತ್ತಿ, ಬೆನ್ನು ಗುದ್ದಿ, ಲಾಳಿ ನೆಟ್ಟಗೆ ಓಡುವುದನ್ನು ಎರಡೆರಡು ಸಲ ನೋಡಿ ತಿರುಗಿ ಬಂದರೆ ಹೋಲ್ಡನ್ ಅಲ್ಲೇ ನಿಂತಿದ್ದ. ಹನ್ನೆರಡನೆಯ ಚೀಟಿ ಮಗ್ಗದ ಮೇಲೆ ತೂಗುತ್ತಿತ್ತು. ಅವನು ಅವಳ ಕಿವಿಯ ಬಳಿ ಬಗ್ಗಿ ಕೂಗಿ ಹೇಳಿದ: "ಮಿಸ್ ಕ್ಲೆಗ್, ಸಂಜೆ ಐದೂವರೆಗೆ ಆಫೀಸಿಗೆ ಬನ್ನಿ. ಮಗ್ಗ ಸ್ವಚ್ಛ ಮಾಡಿಟ್ಟು ಬನ್ನಿ." ಆಮೇಲೆ ಅಲ್ಲೇ ಒಂದು ಗಜ ದೂರ ಸರಿದು, ಪುಸ್ತಕ ತೆಗೆದು ಏನನ್ನೋ ಬರೆಯುತ್ತಾ ನಿಂತ.

ಅಡಾಳಿಗೆ ತಲೆ ಕೆಟ್ಟುಹೋಯಿತು. ಎಂಟು ತಿಂಗಳು ನುಂಗಿದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ಆಚೆಯಿಂದ ಮಿನ್ನಿ, "ಏನಂತೆ?" ಎಂದು ಹುಬ್ಬು ಹಾರಿಸಿದಳು. ಸರಿ, ಅಡಾ ಸೊಂಟಕ್ಕೆ ಕೈ ಕೊಟ್ಟು, ತುಟಿ ಅಗಲಿಸಿ ಶುರುಮಾಡಿದಳು.

"ನೋಡೇ ಮಿನ್ನಿ ಈ ಕೋಳಿಮೂತಿಯವನ್ನ! ನಿಂತು ನಿಂತು ನನ್ನ ಕಾಲಿನ ನರವೆಲ್ಲ ಗಂಟು ಕಟ್ಟಿದೆ, ನಾನು ಐಡಲ್ ಅಂತೆ! ಸೋಮಾರಿ ಅಂತೆ! ನಿನ್ನ ಮಗ್ಗ ಈಗ ಓಡ್ತಿದ್ಯಲ್ಲ, ಅದನ್ನ ಸರಿಮಾಡಿದ್ದು ಯಾರು? ನಮ್ಮ ಎನಕ್‌ಗೆ ಕಣ್ಣೇ ಕಾಣ್ಸಲ್ಲ ಕಣೇ! ಎಂಟು ತಿಂಗಳಾಯ್ತು. ಬೋಲ್ಟು ಯಾವ್ದು ಹೆಬ್ಬೆರಳು ಯಾವ್ದು ತಿಳಿಯಲ್ಲ ಅವನಿಗೆ. ನಾನು ಹಿಂದೆ ನಿಂತು ಮೊಣಕೈ ಒತ್ತದಿದ್ರೆ ಅವನ ಎಂಬತ್ತು ಮಗ್ಗಾನೂ ಯಾವತ್ತೋ ನಿಂತಿರ್ತಿದ್ವು. ಅವನ ಕೆಲಸ, ನನ್ನ ಕೆಲಸ, ಎರಡೂ ನಾನೇ ಮಾಡಿ ಕೊನೆಗೆ ನಂಗೆ ಈ ಪಟ್ಟ!"

ಮಿನ್ನಿಯ ಮುಖ ಬಿಳಿಚಿಕೊಂಡಿತು. ಅವಳು ಹುಬ್ಬಿನಲ್ಲೇ ಏನೋ ಸನ್ನೆ ಮಾಡಿದಳು, ಸುಮ್ಮನಿರು ಸುಮ್ಮನಿರು ಎಂಬಂತೆ. ಅಡಾ ತಿರುಗಿದಳು. ಹೋಲ್ಡನ್‌ನ ಪೆನ್ಸಿಲ್ ನಿಂತಿತ್ತು. ಅವನು ನೆಟ್ಟಗೆ ಅವಳ ಬಾಯನ್ನೇ ನೋಡುತ್ತಿದ್ದ.

ಆಮೇಲೆ ಒಂದು ಚೂರೂ ದನಿಯಿಲ್ಲದೆ, ಆ ಶೆಡ್ಡಿನಲ್ಲೇ ಹುಟ್ಟಿದವನ ಹಾಗೆ, ತುಟಿಯಲ್ಲಿ ಹೇಳಿದ: "ನಮ್ಮಮ್ಮ ಪ್ರೆಸ್ಟನ್‌ನಲ್ಲಿ ಮೂವತ್ತು ವರ್ಷ ನೇಯ್ದಳು, ಮಿಸ್ ಕ್ಲೆಗ್. ಮನೇಲೂ ಹೀಗೇ ಮಾತಾಡ್ತಿದ್ದಳು. ನನ್ನ ಮೂತಿ ವಿಷಯ ಹಾಗಿರಲಿ."

ಇಷ್ಟು ದಿನ ಇವನೆದುರು ಯಾರ್ಯಾರು ಏನೇನು ಆಡಿಕೊಂಡಿದ್ದರೋ, ಎಲ್ಲ ಕೇಳಿಸಿಕೊಂಡೂ ಗುಮ್ಮನ ಹಾಗೆ ಓಡಾಡುತ್ತಿದ್ದನಲ್ಲ! ಅವಳು ಮುಂದೆ ನುಗ್ಗಿ ಅವನ ತೋಳು ಹಿಡಿದಳು. "ಸುಳ್ಳು ಹೇಳ್ದೆ ಸಾರ್, ಸಿಟ್ಟಲ್ಲಿ ಬಾಯಿಗೆ ಬಂದದ್ದು ಅಂದೆ. ಅವನ ಕಣ್ಣು ಚೆನ್ನಾಗಿದೆ. ಸೋಮಾರಿ ನಾನೇ. ನನ್ನನ್ನೇ ಕಳಿಸಿ."

"ಇವತ್ತು ಆ ಲಾಳಿ ಮಿನ್ನಿಯ ಕಣ್ಣಿಗೆ ಬಿದ್ದಿದ್ರೆ?" ಎಂದವು ಹೋಲ್ಡನ್‌ನ ತುಟಿಗಳು.

ಅವನು ಕೈ ಬಿಡಿಸಿಕೊಂಡು ಹೋಗಿ ಎನಕ್‌ನ ಭುಜ ತಟ್ಟಿದ.

ಆಫೀಸು ಇದ್ದದ್ದು ಶೆಡ್ಡಿನ ತುದಿಯಲ್ಲಿ, ಐದು ಮೆಟ್ಟಿಲು ಎತ್ತರದಲ್ಲಿ, ಸುತ್ತ ಗಾಜು. ಮ್ಯಾನೇಜರಿಗೆ ಎಲ್ಲರೂ ಕಾಣಲಿ ಎಂದು ಕಟ್ಟಿದ್ದು. ಎಲ್ಲರಿಗೂ ಮ್ಯಾನೇಜರು ಕಾಣುತ್ತಾನೆ ಎಂಬುದು ಕಟ್ಟಿದವರಿಗೆ ಹೊಳೆದಿರಲಿಲ್ಲ. ಹೋಲ್ಡನ್ ಗಾಜಿಗೆ ಬೆನ್ನು ಹಾಕಿ ಕೂತ. ಅವನೇನು ಕೇಳಿದ ಎಂದು ಯಾರಿಗೂ ತಿಳಿಯಲಿಲ್ಲ. ಓದು ಎಂಬಂತೆ ಒಂದು ಹಾಳೆ ಎತ್ತಿ ಎನಕ್‌ನ ಮುಂದೆ ಹಿಡಿದದ್ದು ಮಾತ್ರ ಕಂಡಿತು. ಎನಕ್ ಹಾಳೆಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಟೋಪಿ ತೆಗೆದ. ಸಾಲಿನುದ್ದಕ್ಕೂ ಹೆಂಗಸರು ಕೈ ಮಗ್ಗದ ಮೇಲೆ, ಕಣ್ಣು ಗಾಜಿನ ಮೇಲೆ ಇಟ್ಟು ನಿಂತಿದ್ದರು.

ಈಗ ಇವನೊಂದು ಗಡಿಯಾರದ ಕಥೆ ಹೇಳುತ್ತಾನೆ, ಎಂದುಕೊಂಡಳು ಅಡಾ. ಹಲ್ಲು ಕಿರಿದು, ಕಣ್ಣು ಚೆನ್ನಾಗಿದೆ ಅನ್ನುತ್ತಾನೆ, ಎಲ್ಲ ಅಕ್ಕನ ಸೋಮಾರಿತನ ಅನ್ನುತ್ತಾನೆ. ಅನ್ನಲಿ, ದೇವರೇ, ಹಾಗೇ ಅನ್ನಲಿ.

ಎನಕ್ ಹೋಲ್ಡನ್‌ನನ್ನು ಬಿಟ್ಟು ಗಾಜಿನ ಕಡೆಗೆ ತಿರುಗಿದ. ಅವನಿಗೆ ಗಾಜಿನಾಚೆ ಬೆಳಕು ಕತ್ತಲು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಆದರೂ ಅಡಾಳ ಸಾಲು ಎಲ್ಲಿದೆ ಎಂದು ಅವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು! ಅತ್ತಲೇ ಮುಖ ಮಾಡಿ, ಶೆಡ್ಡಿನ ಆ ತುದಿಯಿಂದ ಈ ತುದಿಗೆ ಮಾತಾಡುವವರ ಹಾಗೆ ಬಾಯನ್ನು ದೊಡ್ಡದಾಗಿ, ನಿಧಾನವಾಗಿ ತೆರೆದು ಹೇಳತೊಡಗಿದ.

"ನಮ್ಮ ಅಡಾ ಸೋಮಾರಿ ಅಲ್ಲ. ಆ ಹನ್ನೆರಡೂ ಚೀಟಿ ನನ್ನವು. ಅವಳು ನನ್ನ ಮೊಣಕೈ ಯಾಕೆ ಒತ್ತುತಾಳೆ ಅಂತ ಮೊದಲನೇ ದಿನವೇ ನಂಗೆ ಗೊತ್ತಾಯ್ತು. ಗೊತ್ತಿಲ್ಲದ ಹಾಗೆ ಇದ್ದೆ. ನಾಚಿಕೆಯಾಗ್ತಿತ್ತು. ಅವಳ ಮೇಲೇ ರೇಗ್ತಿದ್ದೆ. ಇವತ್ತು ಮಿನ್ನಿಗೆ ಏನಾದ್ರೂ ಆಗಿದ್ರೆ ನಾನು ಬದುಕ್ತಿರ್ಲಿಲ್ಲ. ಅವಳ ಮಗ್ಗ ಅವಳಿಗೆ ಬಿಡಿ."

ಆಮೇಲೆ ಸೊಂಟದಿಂದ ಸ್ಪ್ಯಾನರ್ ಬಿಚ್ಚಿ, ಮೇಜು ಎಲ್ಲಿದೆ ಎಂದು ಇನ್ನೊಂದು ಕೈಯಲ್ಲಿ ತಡವಿ ನೋಡಿ, ಅದರ ಮೇಲಿಟ್ಟ.

ಸಾವಿರ ಮಗ್ಗ ಬಡಿದುಕೊಳ್ಳುತ್ತಲೇ ಇದ್ದವು. ಅಡಾಳ ನಾಲ್ಕು ಮಾತ್ರ ಇನ್ನೂ ನಿಂತಿದ್ದವು. ಮಿನ್ನಿ ಬಂದು ಅವುಗಳನ್ನು ಒಂದೊಂದಾಗಿ ಶುರುಮಾಡಿಕೊಟ್ಟು ಹೋದಳು.

ಐದೂವರೆಗೆ ಹೋಲ್ಡನ್ ಹನ್ನೆರಡು ಚೀಟಿಗಳನ್ನೂ ದಾರದಲ್ಲಿ ಕಟ್ಟಿ ಅಡಾಳ ಕೈಗೆ ಕೊಟ್ಟ. "ಇವು ಲೆಕ್ಕಕ್ಕಿಲ್ಲ. ಸೋಮವಾರದಿಂದ ನಿಮಗೆ ಆರು ಮಗ್ಗ," ಎಂದ. ಎನಕ್‌ಗೆ ಗೋದಾಮಿನಲ್ಲಾದರೂ ಕೆಲಸ ಕೊಡಿ ಎಂದು ಕೇಳಿದ್ದಕ್ಕೆ, "ಗೋದಾಮಿನಲ್ಲೂ ಬಟ್ಟೆಯ ಕುಂದು ಹುಡುಕೋಕೆ ಕಣ್ಣೇ ಬೇಕಲ್ಲ, ಮಿಸ್ ಕ್ಲೆಗ್," ಎಂದ. ಅವನು ಕೆಟ್ಟವನೂ ಆಗಿರಲಿಲ್ಲ, ಬೈಯೋಣವೆಂದರೆ. ಅದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಮನೆಯಲ್ಲಿ ಎನಕ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಬೆಂಕಿ ಹಾಕಿದ್ದ, ಕೆಟಲು ಇಟ್ಟಿದ್ದ. ಅವಳ ಮರದಟ್ಟೆಯ ಬೂಟಿನ ಸದ್ದು ಕೇಳಿ, "ಬಂದ್ಯಾ? ಚೀಟಿ ಕೊಟ್ನಾ? ಒಂದನ್ನ ನನ್ನ ಕುರ್ಚಿಗೆ ನೇತುಹಾಕು, ಯಾರಾದ್ರೂ ಬಂದ್ರೆ ವಿಳಾಸ ತಪ್ಪಲ್ಲ," ಎಂದ.

ಅಡಾ ಹನ್ನೆರಡು ಚೀಟಿಗಳನ್ನೂ ಒಲೆಗೆ ಎಸೆದಳು. ಹೋಗಿ ಅವನೆದುರು ನಿಂತಳು. ಗಿರಣಿಯಿಂದ ಮನೆಯವರೆಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದಿತ್ತು. ದನಿ ಮೇಲೇಳಲಿಲ್ಲ, ಶೆಡ್ಡಿನ ಅಭ್ಯಾಸ, ನಾಚಿಕೆ, ಎರಡೂ ಸೇರಿ ಬರೀ ತುಟಿಯಲ್ಲಿ ಹೇಳಿದಳು. ನಾನೇ ಹೇಳಿದ್ದು ಕಣೋ. ಹೋಲ್ಡನ್‌ಗೆ ನನ್ನ ಬಾಯಿಂದಲೇ ಗೊತ್ತಾದದ್ದು. ಸಿಟ್ಟಲ್ಲಿ ಆಡಿಬಿಟ್ಟೆ. ತಪ್ಪಾಯ್ತು.

ಎನಕ್ ಬೆಂಕಿಯ ಕಡೆಗೇ ಮುಖ ಇಟ್ಟುಕೊಂಡು, "ಚಹಾ ಮಾಡ್ಲಾ?" ಎಂದ.

ಅವಳು ಮತ್ತೆ ಹೇಳಿದಳು. ತುಟಿ ಇನ್ನೂ ಅಗಲಿಸಿ, ಬಾಗಿ, ಅವನ ಮುಖದ ಹತ್ತಿರಕ್ಕೇ ಮುಖ ತಂದು ಹೇಳಿದಳು. ಎನಕ್ ತಲೆ ಓರೆ ಮಾಡಿದ. ಕೈಯೆತ್ತಿ ಗಾಳಿಯಲ್ಲಿ ಒಂದು ಕ್ಷಣ ತಡವಿ, ಅವಳ ಕೆನ್ನೆ ಸಿಕ್ಕಾಗ ಅಲ್ಲೇ ನಿಲ್ಲಿಸಿದ. ದವಡೆ ಅಲುಗುತ್ತಿದ್ದದ್ದು ಬೆರಳಿಗೆ ತಿಳಿಯಿತು.

"ನಮ್ಮ ಅಡಾ, ಬಾಯಿ ಆಡಿಸ್ತಿದೀಯಾ? ನಂಗೆ ಕಾಣ್ಸಲ್ಲ ಕಣೇ," ಎಂದ. ಎಂಟು ತಿಂಗಳಲ್ಲಿ ಅವಳೆದುರು ಆ ಮಾತು ಆಡಿದ್ದು ಅದೇ ಮೊದಲು. "ದನಿ ತೆಗೆದು ಹೇಳು."

ಅಡಾ ದನಿ ತೆಗೆದಳು. ನಲವತ್ತೆರಡು ವರ್ಷ ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದವಳಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯಲಿಲ್ಲ. "ತಪ್ಪಾಯ್ತು ಕಣೋ ಎನಕ್! ನಾನೇ ಹೇಳ್ಬಿಟ್ಟೆ! ತಪ್ಪಾಯ್ತು!" ಎಂದು ಕಿರುಚಿದಳು. ಪಕ್ಕದ ಮನೆಯವರು ಬೆಂಕಿ ಕೆದಕುವ ಕಬ್ಬಿಣದಿಂದ ಗೋಡೆಗೆ ಕುಟ್ಟಿದರು. ಅವಳು ಮತ್ತೆ ಹೇಳಿದಳು. ಅವರು ಮತ್ತೆ ಕುಟ್ಟಿದರು. ಎನಕ್ ಅವಳ ಕೆನ್ನೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ, ಜೋಕನ್ನೂ ಹೇಳಲಿಲ್ಲ. ಒಲೆಯ ಮೇಲೆ ಕೆಟಲು ಉಕ್ಕುತ್ತಿತ್ತು, ಇಳಿಸಲು ಇಬ್ಬರೂ ಕದಲಲಿಲ್ಲ.